ಬಾಡಿದ ಆರ್ಕಿಡ್ ಸಸಿಗೆ ಮತ್ತೆ ಮತ್ತೆ ನೀರು ಸುರಿಯಬೇಡಿ

ಪ್ರಶ್ನೆ: ಫೆಲನಾಪ್ಸಿಸ್ ಜಾತಿಯ ಆರ್ಕಿಡ್ ಸಸಿಯ ಎಲೆಗಳು ಮೆತ್ತಗಾಗಿ ಸುಕ್ಕುಗಟ್ಟಿವೆ. ದಿನಾ ನೀರು ಹಾಕಿದರೂ ಚೇತರಿಸಿಕೊಳ್ಳುತ್ತಿಲ್ಲ. ಗೊಬ್ಬರ ಹೆಚ್ಚಿಸಲೇ?

ಉತ್ತರ: ಬೇಡ, ಖಂಡಿತ ಬೇಡ. ಇದೇ ಪ್ರಶ್ನೆ ಎಷ್ಟು ಸಲ ಬಂದರೂ ಕಾರಣ ಹೆಚ್ಚುಕಡಿಮೆ ಒಂದೇ: ದಿನಾ ಹಾಕುವ ಆ ನೀರೇ ಬೇರನ್ನು ಕೊಳೆಸಿದೆ. ಕುಂಡ ಒದ್ದೆಯಿದ್ದೂ ಎಲೆ ಬಾಡಿದೆ ಎಂದರೆ ನೀರು ಹೀರಲು ಬೇರೇ ಉಳಿದಿಲ್ಲ.

ಸಸಿಯನ್ನು ಹೊರತೆಗೆದು, ಕುಂಡದಲ್ಲಿ ಮಣ್ಣಿನ ಬದಲು ತುಂಬಿದ ಹಳೆಯ ಸ್ಫ್ಯಾಗ್ನಂ ಪಾಚಿಯನ್ನೆಲ್ಲ ಬಿಡಿಸಿ. ಒಂದೊಂದೇ ಬೇರನ್ನು ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಜೀವವಿದೆ, ಬಣ್ಣ ಕಂದಾಗಿದ್ದರೂ ಮುಟ್ಟಬೇಡಿ. ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಕೈಗೆ ಬಂದರೆ ಅದು ಸತ್ತ ಬೇರು. ಬ್ಲೇಡನ್ನು ಉರಿಗೆ ಹಿಡಿದು, ಆರಿದ ಮೇಲೆ, ಸತ್ತದ್ದನ್ನು ಮಾತ್ರ ಕತ್ತರಿಸಿ. ಗಾಯ ಒಣಗಲು ಒಂದೆರಡು ಗಂಟೆ ನೆರಳಿನಲ್ಲಿಟ್ಟರೆ ಸಾಕು. ಎಳೆ ಸಸಿ ಇಡೀ ದಿನ ತಾಳುವುದಿಲ್ಲ.

ಕುಂಡ ಎರಡು ಇಂಚಿನದೇ ಇರಲಿ. ದೊಡ್ಡದಾದರೆ ನಡುಭಾಗ ಒಣಗದೆ ಮತ್ತೆ ಕೊಳೆಯುತ್ತದೆ. ಹೊಸ ಸ್ಫ್ಯಾಗ್ನಂ ಪಾಚಿಯನ್ನು ನೆನೆಸಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಸಡಿಲವಾಗಿ ಸುತ್ತಿ. ಸುಳಿ ಪಾಚಿಯ ಮೇಲಿರಬೇಕು. ಒಂದೂ ಬೇರು ಉಳಿದಿಲ್ಲದಿದ್ದರೆ ಕುಂಡ ಸಮೇತ ಪಾರದರ್ಶಕ ಡಬ್ಬಿಯಲ್ಲಿಟ್ಟು ಮುಚ್ಚಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಬೆಳಕು ಬೇಕು, ನೇರ ಬಿಸಿಲು ಬೇಡ: ಮುಚ್ಚಿದ ಡಬ್ಬಿಯೊಳಗೆ ಸಸಿ ಬೆಂದುಹೋಗುತ್ತದೆ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಪಾಚಿಯ ಮೇಲ್ಪದರ ಮುಟ್ಟಿದರೆ ಗರಿಗರಿ ಅನ್ನಿಸುವ ಹೊತ್ತಿಗೆ ಅಂಚಿನಿಂದ ಸ್ವಲ್ಪ ನೀರು ಕೊಡಿ, ಸುಳಿಗೆ ತಾಗಿಸಬೇಡಿ.

ಹೊಸ ಬೇರಿನ ಹೊಳೆಯುವ ತುದಿ ಕಾಣಲು ವಾರಗಳೇ ಬೇಕು, ಒಮ್ಮೊಮ್ಮೆ ಎರಡು ತಿಂಗಳು. ಬೇರು ಬಂತೇ ಎಂದು ದಿನಾ ಕಿತ್ತು ನೋಡುವವರ ಸಸಿ ಉಳಿಯುವುದಿಲ್ಲ. ಬೇರು ಒಂದು ಇಂಚಾದ ಮೇಲೆ ಗೊಬ್ಬರ ಶುರುಮಾಡಿ, ಪೊಟ್ಟಣದಲ್ಲಿ ಹೇಳಿದ್ದರ ಕಾಲು ಪಾಲು ಮಾತ್ರ. ಸುಕ್ಕಾದ ಹಳೆಯ ಎಲೆ ಪೂರ್ತಿ ನೆಟ್ಟಗಾಗದಿರಬಹುದು, ಆದರೂ ಕೀಳಬೇಡಿ. ಸಸಿ ಈಗ ಬದುಕಿರುವುದೇ ಅದರಲ್ಲಿರುವ ನೀರು, ಆಹಾರದಿಂದ.

ಪ್ರಶ್ನೆ: ಕತ್ತರಿಸಿದ ಬೇರಿಗೆ ಚಕ್ಕೆಪುಡಿ ಹಚ್ಚಬಹುದೇ?

ಉತ್ತರ: ಬೇಡ. ಅದು ಒಳ್ಳೆಯ ಬೇರನ್ನೂ ಒಣಗಿಸುತ್ತದೆ.

ಪ್ರಶ್ನೆ: ವಾರದಲ್ಲಿ ಬೇರು ಬರಿಸುವ ಟಾನಿಕ್ ಮಾರುತ್ತಾರಲ್ಲ?

ಉತ್ತರ: ಸತ್ತ ಬೇರನ್ನು ಯಾವ ಟಾನಿಕ್ಕೂ ಬದುಕಿಸುವುದಿಲ್ಲ. ಹಾಗೆ ಹೇಳಿ ಮಾರುವುದು ಶುದ್ಧ ಮೋಸ.

ಪ್ರಶ್ನೆ: ನೀರಿನ ಬದಲು ಐಸ್ ಗಡ್ಡೆ?

ಉತ್ತರ: ಎಳೆ ಸಸಿಗೆ ಕೂಡದು.

ಪ್ರಶ್ನೆ: ನಡುವಿನ ಎಲೆ ಕಪ್ಪಾಗಿ, ಎಳೆದರೆ ಕೈಗೇ ಬಂತು. ಉಳಿಯುತ್ತದೆಯೇ?

ಉತ್ತರ: ಸುಳಿಯೇ ಕೊಳೆತ ಎಳೆ ಸಸಿ ಉಳಿಯುವುದು ತೀರ ಅಪರೂಪ. ಇವತ್ತೇ ಉಳಿದ ಸಸಿಗಳಿಂದ ದೂರವಿಡಿ, ಆ ಬ್ಲೇಡನ್ನು ಮತ್ತೆ ಉರಿಗೆ ಹಿಡಿಯದೆ ಇನ್ನೊಂದಕ್ಕೆ ತಾಗಿಸಬೇಡಿ.