ಸರೋವರದ ಮೇಲೆ ಕಾರು ಓಡಿದ್ದು ಹೇಗೆ?

ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ ಏರ್ ಸರೋವರದ ಮೇಲೆ ಕಾರು ಓಡಿಸಿ ವೇಗದ ದಾಖಲೆ ಮಾಡಿದ್ದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸರೋವರ ಅಂದಮೇಲೆ ನೀರಿರಬೇಕು, ಅಲ್ವಾ? ಆದರೆ ದಕ್ಷಿಣ ಆಸ್ಟ್ರೇಲಿಯಾದ ಏರ್ ಸರೋವರ ಹೆಚ್ಚಿನ ವರ್ಷ ಒಣಗಿಯೇ ಇರುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ತಗ್ಗು ಅದು. ಹರಿದು ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ. ಬಿಸಿಲಿಗೆ ಆರಿಹೋಗಿ ಉಪ್ಪು ಮಾತ್ರ ಉಳಿಯುತ್ತದೆ.

ಸರೋವರಕ್ಕೆ ಯಾರ ಹೆಸರಿಟ್ಟರೋ ಆ ಎಡ್ವರ್ಡ್ ಜಾನ್ ಏರ್ ಯಾರು ಅಂತಲೂ ಕೇಳಿದ್ದೀರಿ. 1840ರಲ್ಲಿ ಅಡಿಲೇಡ್‌ನಿಂದ ಉತ್ತರಕ್ಕೆ ಹೊರಟ ಇಂಗ್ಲಿಷ್ ಅನ್ವೇಷಕ. ಈ ಸರೋವರ ಕಂಡ ಮೊದಲ ಯುರೋಪಿಯನ್ ಅವನು. ಅಲ್ಲಿನ ಮೂಲನಿವಾಸಿಗಳಾದ ಅರಬಾನ ಜನರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು ಬಿಡಿ. 2012ರಿಂದ ಅಧಿಕೃತ ಹೆಸರು ಕಾಟಿ ತಂಡಾ-ಲೇಕ್ ಏರ್.

ಇನ್ನು ಡೊನಾಲ್ಡ್ ಕ್ಯಾಂಪ್‌ಬೆಲ್ ದಾಖಲೆ. 1960ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಅವರ ಬ್ಲೂಬರ್ಡ್ ಕಾರು ಪಲ್ಟಿಯಾಗಿತ್ತು. ಅದಕ್ಕಿಂತ ಉದ್ದದ ಜಾಗ ಬೇಕು ಅಂತ ಇಲ್ಲಿಗೆ ಬಂದರು. 1963ರಲ್ಲಿ ನೋಡಿದರೆ, ವರ್ಷಗಟ್ಟಲೆ ಬಾರದ ಮಳೆ ಆಗಲೇ ಸುರಿಯಬೇಕೇ! ಉಪ್ಪಿನ ನೆಲವೆಲ್ಲ ನೀರು. ಮರುವರ್ಷವೂ ಮೇಲೆ ಉಪ್ಪು, ಅಡಿಯಲ್ಲಿ ಹಸಿ. ಚಕ್ರಗಳು ನೆಲವನ್ನು ಸೀಳಿ ಗಾಲಿ ಜಾಡು ಮಾಡುತ್ತಿದ್ದವು. ಅಂಥ ನೆಲದ ಮೇಲೆಯೇ 1964ರ ಜುಲೈ 17ರಂದು ಗಂಟೆಗೆ 403.1 ಮೈಲಿ, ಅಂದರೆ ಸುಮಾರು 648.7 ಕಿಲೋಮೀಟರ್! ಎರಡು ದಿಕ್ಕಿನ ಓಟದ ಸರಾಸರಿ ಇದು. ಬಿಸಿ ಅನಿಲದ ರಭಸಕ್ಕೆ ತಿರುಗುವ ಗ್ಯಾಸ್ ಟರ್ಬೈನ್ ಎಂಜಿನ್ ಚಕ್ರಗಳನ್ನೇ ತಿರುಗಿಸುತ್ತಿತ್ತು, ಜೆಟ್ಟಿನ ತಳ್ಳುವಿಕೆಯಲ್ಲ. ನನಗೆ ಅದೇ ಹೆಚ್ಚುಗಾರಿಕೆ.

ಈಗಿನ ವೇಗದ ಓಟ ನೋಡುವ ಆಸೆಯಿದ್ದರೆ ಅದೇ ರಾಜ್ಯದ ಗೇರ್ಡ್ನರ್ ಸರೋವರ ನೋಡಿ. ಮಳೆ ಅಡ್ಡಿಮಾಡದಿದ್ದರೆ ಅಲ್ಲಿ ಮಾರ್ಚ್‌ನಲ್ಲಿ ಸ್ಪೀಡ್ ವೀಕ್ ನಡೆಯುತ್ತದೆ.