ತುಕ್ಕು ಹಿಡಿದ ಹಳೆಯ ಜೀಪಿಗೆ ಎಷ್ಟು ಕೊಡಬಹುದು?

ಪ್ರಶ್ನೆ: ನಮ್ಮ ಪಕ್ಕದ ಕಾಫಿ ತೋಟದ ಶೆಡ್ಡಿನಲ್ಲಿ ಹಳೆಯ ಜೀಪೊಂದು ವರ್ಷಗಳಿಂದ ನಿಂತಿದೆ. 1962ರ ವಿಲ್ಲಿಸ್ ಎನ್ನುತ್ತಾರೆ. ಪೆಟ್ರೋಲ್ ಎಂಜಿನ್ ತಿರುಗುವುದಿಲ್ಲ. ನೆಲದ ತಗಡು ತೂತಾಗಿದೆ, ಹಿಂಬದಿಯ ಬಾಡಿ ಮುಟ್ಟಿದರೆ ಉದುರುತ್ತದೆ. ಆರ್‌ಸಿ ಪುಸ್ತಕ ತೀರಿಕೊಂಡ ಯಜಮಾನರ ಹೆಸರಿನಲ್ಲಿದೆ. ಅವರ ಮಗ 3.75 ಲಕ್ಷ ಹೇಳುತ್ತಿದ್ದಾರೆ, ‘ಇಂಥದ್ದು ಇನ್ನು ಸಿಗುವುದಿಲ್ಲ’ ಎನ್ನುತ್ತಾರೆ. ಎಷ್ಟಕ್ಕೆ ಕೇಳಲಿ?
– ಓದುಗರು, ಮೂಡಿಗೆರೆ

ಉತ್ತರ: ಜೀಪು ತಂದು ಏನು ಮಾಡುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಬೆಲೆ ನಿಂತಿರುವುದೇ ಅದರ ಮೇಲೆ. ತೋಟಕ್ಕೂ ಪೇಟೆಗೂ ಓಡಿಸುವವರಿಗೆ ಬಾಡಿಯ ತುಕ್ಕು ಸಣ್ಣ ಖರ್ಚು. ವಿಂಟೇಜ್ ವಾಹನವೆಂದು ಇಟ್ಟುಕೊಳ್ಳುವವರಿಗೆ ಅದೇ ತುಕ್ಕು ದೊಡ್ಡ ನಷ್ಟ. ನೀವು ಓಡಿಸುವವರೆಂದು ಇಟ್ಟುಕೊಂಡು ಉತ್ತರಿಸುತ್ತೇನೆ, ಇನ್ನೊಂದು ದಾರಿಯನ್ನು ಕೊನೆಗೆ ನೋಡೋಣ.

ವಿಲ್ಲಿಸ್ ಎಂಬ ಅಮೆರಿಕದ ಕಂಪನಿಯ ಹೆಸರಿಗೆಂದೇ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮಹೀಂದ್ರ ಕಂಪನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. 1962ರದ್ದು ನಿಜವಾದರೆ ಅದು ಬಹುತೇಕ ಮಹೀಂದ್ರ ತಯಾರಿಸಿದ ಸಿಜೆ 3ಬಿ ಎಂಬ ಮಾದರಿ. ಬೋನೆಟ್ ಎತ್ತರವಾಗಿದೆಯೇ ನೋಡಿ. ಅದರ ಹರಿಕೇನ್ ಎಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್‌ಗಳು ಮೇಲಿನ ಹೆಡ್‌ನಲ್ಲಿದ್ದುದರಿಂದ ಎಂಜಿನ್ ಎತ್ತರವಾಯಿತು, ಬೋನೆಟ್ಟನ್ನೂ ಎತ್ತರಿಸಬೇಕಾಯಿತು. ಮಲೆನಾಡಿನ ತೋಟಗಳಲ್ಲಿ ಈ ಜಾತಿ ಇನ್ನೂ ಸಾಕಷ್ಟಿದೆ. ‘ಇನ್ನು ಸಿಗುವುದಿಲ್ಲ’ ಎಂಬ ಮಾತನ್ನು ನಾಲ್ಕು ಶೆಡ್ಡು ನೋಡಿ ಬಂದ ಮೇಲೆ ನಂಬಿದರೆ ಸಾಕು. ನಂಬರನ್ನೂ ಗಮನಿಸಿ. ಆಗ ನಮ್ಮ ರಾಜ್ಯದ ಹೆಸರು ಮೈಸೂರು, ಕೆಎ ಸರಣಿ ಇನ್ನೂ ಬಂದಿರಲಿಲ್ಲ. 1962ರ ಜೀಪಿಗೆ ಕೆಎ ನಂಬರ್ ಇದ್ದರೆ ತಪ್ಪೇನಲ್ಲ, ಆದರೆ ಏಕೆ ಎಂದು ಕೇಳಬೇಕು. ಸೇನೆಯಿಂದ ಹರಾಜಿಗೆ ಬಂದು ಆಮೇಲೆ ನೋಂದಣಿಯಾಗಿರಬಹುದು, ಹೊರ ರಾಜ್ಯದಿಂದ ಬಂದಿರಬಹುದು, ಅಥವಾ ಎರಡು ಜೀಪು ಸೇರಿ ಒಂದಾಗಿರಬಹುದು.

ಈಗ ತುಕ್ಕಿಗೆ ಬರೋಣ. ನಿಮ್ಮ ಕಣ್ಣಿಗೆ ಬಿದ್ದಿರುವ ತುಕ್ಕು ಹೆದರಬೇಕಾದ ತುಕ್ಕಲ್ಲ. ಜೀಪಿನ ಬಾಡಿ ಎಂದರೆ ಬಗ್ಗಿಸಿ ಬೆಸೆದ ತಗಡು. ನೆಲ, ಬಾಗಿಲ ಪಕ್ಕ, ಹಿಂಬದಿ ಎಲ್ಲವೂ ಹೊಸದಾಗಿ ಸಿಗುತ್ತವೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆಯ ಭಾಗಗಳಿಗೆ ಹೊಸ ಬಾಡಿ ಕೂರಿಸಿ ಇಡೀ ಜೀಪನ್ನೇ ಕಟ್ಟುವ ಕಸುಬುದಾರರಿದ್ದಾರೆ. ಹೆದರಬೇಕಾದದ್ದು ಚಾಸಿಯ, ಅಂದರೆ ಇಡೀ ಜೀಪನ್ನು ಹೊತ್ತಿರುವ ಕಬ್ಬಿಣದ ಅಡಿಚೌಕಟ್ಟಿನ ತುಕ್ಕಿಗೆ. ತೋಟದ ಜೀಪು ಮಳೆಯಲ್ಲಿ ನೆನೆದದ್ದು ಮಾತ್ರವಲ್ಲ, ಯೂರಿಯಾ, ಪೊಟ್ಯಾಷ್ ಚೀಲಗಳನ್ನೂ ಹೊತ್ತಿರುತ್ತದೆ. ಹರಿದ ಚೀಲದಿಂದ ಸೋರಿದ ಗೊಬ್ಬರದ ಉಪ್ಪು ನೆಲದ ತೂತಿನಿಂದಿಳಿದು ಚಾಸಿಯ ಮೇಲೆ ಕೂರುತ್ತದೆ. ಅಲ್ಲಿ ಕೆಸರೂ ಎಲೆಗೊಬ್ಬರವೂ ಸೇರಿ ವರ್ಷವಿಡೀ ತೇವ ಹಿಡಿದಿಟ್ಟರೆ ದಪ್ಪ ಕಬ್ಬಿಣವೂ ಪದರ ಪದರವಾಗಿ ಬಿಚ್ಚುತ್ತದೆ.

ನೋಡಲು ಹೋಗುವಾಗ ಸಣ್ಣ ಸುತ್ತಿಗೆ, ಸ್ಕ್ರೂ ಡ್ರೈವರ್, ಟಾರ್ಚ್, ಮಲಗಲು ಒಂದು ಗೋಣಿಚೀಲ ಒಯ್ಯಿರಿ. ಕೆಳಗೆ ಮಲಗಿ ಮೊದಲು ಕೆಸರು ಕೆರೆಯಿರಿ. ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿರುವ ಬ್ರಾಕೆಟ್‌ಗಳು, ಗೇರ್‌ಬಾಕ್ಸ್ ಕೂತಿರುವ ಜಾಗ ಇವಿಷ್ಟನ್ನೂ ಬಡಿದು ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸತ್ತ ಕಬ್ಬಿಣ ದಪ್ ಎನ್ನುತ್ತದೆ. ದಪ್ ಎಂದಲ್ಲಿ ಸ್ಕ್ರೂ ಡ್ರೈವರ್ ಒತ್ತಿ. ಸ್ಟಿಯರಿಂಗ್ ಬಾಕ್ಸ್ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಹುಡುಕಿ. ಒಂದೆರಡು ಕಡೆ ತೂತಾದರೆ ಒಳ್ಳೆಯ ವೆಲ್ಡರ್ ಸರಿ ಮಾಡುತ್ತಾನೆ. ಎರಡೂ ಬದಿಯ ಉದ್ದನೆಯ ಹಳಿಗಳೇ ತಿಂದುಹೋಗಿದ್ದರೆ ಅಥವಾ ಚಾಸಿ ನಂಬರ್ ಕೊರೆದ ಜಾಗವೇ ಅಳಿಸಿಹೋಗಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಂದಹಾಗೆ, ಮಾರುವ ಮುನ್ನ ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಗಿಂತ ಕೆಂಪಾಗಿ ತುಕ್ಕು ಹಿಡಿದ ಚಾಸಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಎಂಜಿನ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಜಾಮ್ ಆದ ಎಂಜಿನ್ ಎಣ್ಣೆ ಬಿಟ್ಟರೆ ತಿರುಗೀತು, ಆದರೂ ಸಿಲಿಂಡರ್ ಕೊರೆದು ಸರಿಪಡಿಸುವ ಪೂರ್ತಿ ಬೋರ್ ಕೆಲಸದ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ. ನಾಲ್ಕು ಚಕ್ರದ ಚಾಲನೆಯ ಭಾಗಗಳು ಪೂರ್ತಿ ಇವೆಯೇ ಎಂಬುದು ಅದಕ್ಕಿಂತ ಮುಖ್ಯ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಲ್ಲೋ ಎಸೆದಿರುವುದು ತೋಟದ ಜೀಪುಗಳಲ್ಲಿ ಸಾಮಾನ್ಯ.

ಇನ್ನು ಕಾಗದ. ಬೆಲೆಯ ಅರ್ಧ ಇರುವುದು ಇಲ್ಲೇ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಬ್ಬಿಣದ ಮೇಲಿನ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ವಾಹನದ ನೋಂದಣಿ ದಾಖಲೆಯ ಪ್ರತಿ ತೆಗೆಸಿ. ಹಳೆಯ ದಾಖಲೆ ಕಂಪ್ಯೂಟರಿಗೆ ಏರಿರದಿದ್ದರೆ ಅದೇ ಒಂದು ಓಡಾಟ. ಯಜಮಾನರು ತೀರಿಕೊಂಡಿರುವುದರಿಂದ ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ಮಗ ಒಬ್ಬರೇ ಸಹಿ ಹಾಕಿದರೆ ಸಾಲದು, ಬೇರೆ ವಾರಸುದಾರರಿದ್ದರೆ ಅವರ ಒಪ್ಪಿಗೆಯೂ ಬೇಕು. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಲಘು ವಾಹನಕ್ಕೆ ಇದರ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿತು. ತಡವಾದರೆ ತಿಂಗಳಿಗೆ 500ರಂತೆ ಹೆಚ್ಚುವರಿ ಶುಲ್ಕವೂ ಇದೆ. ನಿಮ್ಮ ಜೀಪಿಗೆ ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಕಚೇರಿಯಲ್ಲೇ ಬರೆಸಿಕೊಳ್ಳಿ, ಏಜೆಂಟರ ಬಾಯಿ ಲೆಕ್ಕ ಬೇಡ. ‘ತೋಟದೊಳಗೆ ಓಡಿಸಲು ಕಾಗದ ಯಾಕೆ’ ಎನ್ನುವವರು ಸಿಗುತ್ತಾರೆ. ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಸಾರ್ವಜನಿಕ ಸ್ಥಳ ‘ಅಥವಾ ಬೇರೆ ಯಾವುದೇ ಸ್ಥಳ’ ಎಂದೇ ಹೇಳುತ್ತದೆ.

ಇಷ್ಟು ತಿಳಿದ ಮೇಲೆ ಬೆಲೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿ. ದಾರಿ ತೋರಿಸಲು ಊಹೆಯ ಅಂಕಿಗಳನ್ನು ಹಾಕುತ್ತೇನೆ, ನೀವು ನಿಮ್ಮೂರಿನ ದರ ಹಾಕಿಕೊಳ್ಳಿ. ಇಂಥದೇ ಜೀಪು ಓಡುವ ಸ್ಥಿತಿಯಲ್ಲಿ, ಕಾಗದ ಸರಿಯಿದ್ದು, ನಿಮ್ಮ ಕಡೆ 5 ಲಕ್ಷಕ್ಕೆ ಸಿಗುತ್ತದೆ ಎನ್ನಿ. ಚಾಸಿ ಕೆಲಸಕ್ಕೆ 45 ಸಾವಿರ, ಬಾಡಿ ಮತ್ತು ಬಣ್ಣಕ್ಕೆ 90, ಎಂಜಿನ್‌ಗೆ 60, ಬ್ರೇಕ್, ಸ್ಟಿಯರಿಂಗ್, ವೈರಿಂಗ್‌ಗೆ 35, ಟಯರಿಗೆ 30. ಒಟ್ಟು 2.6 ಲಕ್ಷ. ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ಕೆಲಸಕ್ಕೆ ಇದರ ಶೇ 30, ಅಂದರೆ 78 ಸಾವಿರ. ಕಾಗದಕ್ಕೆ 30 ಸಾವಿರ. 5 ಲಕ್ಷದಲ್ಲಿ ಇಷ್ಟನ್ನು ಕಳೆದರೆ ಉಳಿಯುವುದು 1.32 ಲಕ್ಷ. ಅದೇ ನಿಮ್ಮ ಮೇಲ್ಮಿತಿ, ಮಾತು ಆರಂಭವಾಗಬೇಕಾದದ್ದು ಒಂದು ಲಕ್ಷದ ಆಸುಪಾಸಿನಲ್ಲಿ. ಕಾಗದ ಆಗುವುದಿಲ್ಲವೆಂದು ಖಚಿತವಾದರೆ ಅದು ಜೀಪಲ್ಲ, ಸುಮಾರು ಒಂದು ಟನ್ ಕಬ್ಬಿಣ ಮತ್ತು ಕೆಲವು ಬಿಡಿಭಾಗಗಳು. ಗುಜರಿ ದರದ ಮೇಲೆ ಗೇರ್‌ಬಾಕ್ಸ್, ಆಕ್ಸಲ್‌ಗಳಿಗೆ ಸ್ವಲ್ಪ ಸೇರಿಸಿ ಕೊಡಬಹುದು.

ಚೌಕಾಸಿಯಲ್ಲಿ ಜೀಪನ್ನು ಹೀಗಳೆಯಬೇಡಿ. ಅಪ್ಪ ಓಡಿಸಿದ ಗಾಡಿಯದು, ಪಕ್ಕದ ತೋಟದವರ ಮುಖವನ್ನು ನಾಳೆಯೂ ನೋಡಬೇಕು. ಖರ್ಚಿನ ಪಟ್ಟಿಯನ್ನು ಹಾಳೆಯಲ್ಲಿ ಬರೆದು ಅವರ ಮುಂದಿಡಿ, ಸಾಕು.

ವಿಂಟೇಜ್ ದಾರಿಯ ವಿಚಾರ. 2021ರಲ್ಲಿ ಬಂದ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಡಬ್ವಾಲಿಯ ಹೊಸ ಬಾಡಿ ಕೂರಿಸಿ ಇದನ್ನು ಕೇಳಲಾಗದು. ಹಳೆಯ ತಗಡನ್ನೇ ಅಂಗುಲ ಅಂಗುಲವಾಗಿ ಉಳಿಸಬೇಕು, ಆ ಕೆಲಸ ಬಲ್ಲ ಟಿಂಕರ್ ಸಿಗುವುದು ಕಷ್ಟ, ಕೂಲಿಯೂ ಹೆಚ್ಚು. ಹೀಗಾಗಿ ಬಾಡಿ ಉದುರುತ್ತಿರುವ ಜೀಪಿಗೆ ಈ ಲೆಕ್ಕದಲ್ಲಿ ನೀವು ಇನ್ನೂ ಕಡಿಮೆ ಕೊಡಬೇಕು. ಮೇಲಾಗಿ ಅದನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನವೂ ರಸ್ತೆಗಿಳಿಸುವಂತಿಲ್ಲ.

ಪ್ರಶ್ನೆ: ಎರಡನೇ ಮಹಾಯುದ್ಧದ, 1944ರ ಸೇನಾ ಜೀಪು ಎಂದು ಒಬ್ಬರು ದುಬಾರಿ ಬೆಲೆ ಹೇಳುತ್ತಿದ್ದಾರೆ. ಪೂರ್ತಿ ತುಕ್ಕು. ನಂಬುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಯುದ್ಧಕಾಲದ ಸೇನಾ ಜೀಪಾದ ವಿಲ್ಲಿಸ್ ‘ಎಂಬಿ’ಯ ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳುಗಳಿರುತ್ತವೆ, ಆಮೇಲಿನ ಸಿಜೆ ಜೀಪುಗಳಲ್ಲಿ ಏಳು. ಆದರೆ ಜಾಲರಿ ಬದಲಿಸುವುದು ಅರ್ಧ ದಿನದ ಕೆಲಸ. ಬೋನೆಟ್ ಎತ್ತಿ ನೋಡಿ. ಆ ಕಾಲದ ಎಂಜಿನ್‌ನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕಿನಲ್ಲೇ ಇದ್ದುದರಿಂದ ಹೆಡ್ ಚಪ್ಪಟೆ. ಮೇಲೆ ವಾಲ್ವ್ ಕವರ್ ಕಂಡರೆ ಎಂಜಿನ್ ಯುದ್ಧದ ನಂತರದ್ದು. ಹೆಡ್‌ಲೈಟುಗಳನ್ನು ಹಿಂದಕ್ಕೆ ಮಡಚಿ ಎಂಜಿನ್ ಕಡೆ ಬೆಳಕು ತಿರುಗಿಸುವ ವ್ಯವಸ್ಥೆಯೂ ಎಂಬಿಯಲ್ಲಿತ್ತು. ಇವು ಒಂದಕ್ಕೊಂದು ಹೊಂದದಿದ್ದರೆ ನಿಮ್ಮ ಮುಂದಿರುವುದು ಕಲಬೆರಕೆ ಜೀಪು. ಓಡಿಸಲು ಚೆನ್ನಾಗಿರಬಹುದು, ಆದರೆ ಇಸವಿಗೆಂದು ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಪ್ರಶ್ನೆ: ಮುಂಗಡ ಕೊಟ್ಟರೆ ಮಾತ್ರ ಚಾಸಿ ನಂಬರ್ ತೋರಿಸುತ್ತೇನೆ ಎನ್ನುತ್ತಾರೆ. ಕೊಡಲೇ?
– ಓದುಗರು, ಶಿರಸಿ

ಉತ್ತರ: ಬೇಡ. ಬೇರೆ ಜೀಪು ನೋಡಿ.