ಲೈಟ್ ಆರಿಸಿದರೂ ಝೀರೋ ಬಿಲ್ ಕೈತಪ್ಪಿತು!

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಾವು ನಾಲ್ಕು ಜನ. ಗೃಹಜ್ಯೋತಿ ಬಂದಾಗಿನಿಂದ ಝೀರೋ ಬಿಲ್ಲೇ ಬರುತ್ತಿತ್ತು, ನಮಗೆ ಫ್ರೀ ಇರುವುದು 165 ಯೂನಿಟ್. ಈ ಸಲ 207 ಆಗಿ ಪೂರ್ತಿ ಬಿಲ್ ಬಂದಿದೆ. ಮಳೆ ಮೋಡ ಅಂತ ಸೋಲಾರ್ ನೀರು ಕಾಯುತ್ತಿರಲಿಲ್ಲ, ಅದು ಬಿಟ್ಟರೆ ಹೊಸದೇನೂ ಇಲ್ಲ. ಮಾವನವರು ಮಗನ ಮೊಬೈಲ್ ಚಾರ್ಜರ್ ಮೇಲೆ ರೇಗುತ್ತಾರೆ. 200ರ ಮೇಲೆ ಹೋದ ಏಳು ಯೂನಿಟ್ಟಿಗೆ ಇಷ್ಟು ದಂಡವಾ?

ಉತ್ತರ: ದಂಡ ಅಲ್ಲ, ಲೆಕ್ಕವೇ ಹಾಗಿದೆ. 2022-23ರಲ್ಲಿ ನೀವು ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಪಾಲು ಗೊತ್ತು ಮಾಡಿದ್ದಾರೆ. 165 ದಾಟಿಯೂ 200ರ ಒಳಗಿದ್ದಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಬೇಕಿತ್ತು. 200 ದಾಟಿದರೆ ಎಲ್ಲವೂ ನಿಮ್ಮದೇ.

ಕಳ್ಳ ಯಾರು ಅಂತ ನೀವೇ ಬರೆದಿದ್ದೀರಿ, ನೋಡಿ. ಸೋಲಾರ್ ಕೈಕೊಟ್ಟಾಗ ಗೀಸರ್ ಹಾಕಿರುತ್ತೀರಿ ಅಲ್ವಾ? 2000 ವ್ಯಾಟ್ ಗೀಸರ್ ಒಂದು ಗಂಟೆ ಕಾದರೆ 2 ಯೂನಿಟ್. ನಾಲ್ಕು ಜನದ ಸ್ನಾನಕ್ಕೆ ದಿನಕ್ಕೆ ಒಂದೂವರೆ ಗಂಟೆ ಹಿಡಿದರೂ ತಿಂಗಳಿಗೆ 90 ಯೂನಿಟ್. ಮೊಬೈಲ್ ಚಾರ್ಜಿಗೆ? ಇಡೀ ತಿಂಗಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ.

ಮಾವನವರನ್ನೂ ಬೈಯಬೇಡಿ. ಅವರ ಕಾಲದಲ್ಲಿ ಸ್ನಾನದ ನೀರು ಬಚ್ಚಲೊಲೆಯ ಹಂಡೆಯಲ್ಲಿ ತೆಂಗಿನ ಮಟ್ಟೆ, ಕರಟ ತುರುಕಿ ಕಾಯುತ್ತಿತ್ತು, ಕರೆಂಟ್ ಅಂದರೆ 60 ವ್ಯಾಟಿನ ಬಲ್ಬು, ಹಾಗಾಗಿ ಲೈಟ್ ಆರಿಸಿದರೆ ನಿಜವಾಗಲೂ ದುಡ್ಡು ಉಳಿಯುತ್ತಿತ್ತು. ಈಗಿನ ಎಲ್‌ಇಡಿ 9 ವ್ಯಾಟ್. ನಮ್ಮ ಬುದ್ಧಿ ಮಾತ್ರ ಆ ಬಲ್ಬಿನ ಕಾಲದಲ್ಲೇ ನಿಂತಿದೆ. ಬೆಳಗುವುದು ಕಣ್ಣಿಗೆ ಬೀಳುತ್ತದೆ, ಬಿಸಿ ಆಗುವುದು ಬೀಳುವುದಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ: ಹಾಲ್ ಲೈಟ್ ಆರಿಸಲು ಎದ್ದು ಬರುವವರು, ಬಾತ್‌ರೂಮ್ ಹೊರಗೆ ಗೀಸರ್ ಸ್ವಿಚ್ಚಿನ ಕೆಂಪು ದೀಪದ ಮುಂದೆಯೇ ಹಾದು ಹೋಗುತ್ತಾರೆ (ಅದರಲ್ಲಿ ನಾನೂ ಒಬ್ಬ).

ಸೋಲಾರ್ ನೀರನ್ನು ಗೀಸರಿಗೆ ನೀರು ಹೋಗುವ ಪೈಪಿಗೆ ಕೊಡಬಹುದಾ ಅಂತ ಪ್ಲಂಬರನ್ನು ಕೇಳಿ. ಮೋಡದ ದಿನವೂ ಟ್ಯಾಂಕಿನಲ್ಲಿ ಉಗುರುಬೆಚ್ಚಗಿನ ನೀರು ಇರುತ್ತದೆ, ಅದನ್ನು ಚೂರು ಕಾಯಿಸಿದರೆ ಸಾಕು. ಆಮೇಲೆ ಫ್ಯಾನ್. ಹಳೆಯದು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ ಹತ್ತು ಗಂಟೆ ತಿರುಗುವ ಒಂದು ಫ್ಯಾನಿನಲ್ಲೇ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಮಾವನವರಿಗೇ ಕೊಡಿ, ಜಗಳ ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮದು ಮಂಡ್ಯ. ಫ್ರೀ ಕರೆಂಟ್ ಇರುವಾಗ ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವುದು ಸುಮ್ನೆ ಖರ್ಚಾ?

ಉತ್ತರ: ತಿಂಗಳು ತಿಂಗಳೂ ಝೀರೋ ಬಿಲ್ ಬರುವ ಮನೆಗೆ ಸದ್ಯಕ್ಕೆ ಲಾಭ ಇಲ್ಲ. ಎಸಿ, ಇಂಡಕ್ಷನ್ ಒಲೆ, ಚಾರ್ಜ್ ಮಾಡುವ ಸ್ಕೂಟರ್ ಅಂತ ಯಾವಾಗಲೂ 200 ದಾಟುವ ಮನೆಯಾದರೆ ಯೋಚಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಆದರೆ ಮೊದಲು ಬೆಳಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ತಾರಸಿ ಹತ್ತಿ, ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತದೆ ನೋಡಿ. ಪಕ್ಕದ ಮನೆಯವರ ಮರವೂ ಲೆಕ್ಕಕ್ಕಿದೆ.